ತಾಂಬಾದ ಶೇವಂತೆವ್ವ ದುರ್ಬೀನು ನುಂಗಿದ್ದು

ಶೇವಂತೆವ್ವನಿಗೆ ಕೂತು ಗೊತ್ತಿರಲಿಲ್ಲ. ತಾಂಬಾದ ಕುರುಬರ ಓಣಿಯಲ್ಲಿ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಿದ್ದರು. ಉಣ್ಣುವಾಗಲೂ ಒಂದು ಮೊಣಕಾಲು ಎತ್ತಿಕೊಂಡೇ ಕೂಡುವಳು, ಎದ್ದು ಓಡಲಿಕ್ಕೆ ಸಸಾರ ಆಗಲಿ ಅಂತ. ಉಣ್ಣೆ ನೂಲುವಾಗ ಕದಿರು ತಿರುಗುತ್ತಿರುವಂತೆಯೇ ಬಾಗಿಲಿಗೆ ಬಂದು ಓಣಿ ನೋಡಿ ಹೋಗುವಳು. ಗಂಡ ಸಿದ್ದರಾಯ ಬೇರೆ ತರಹದವನು. ಕುರಿಯ ಹಿಂದೆ ಹೋದವನು ಬಡಿಗೆಗೆ ಗದ್ದ ಊರಿ ನಿಂತನೆಂದರೆ ಹೊತ್ತು ಮುಳುಗಿದ್ದನ್ನು ಕುರಿಗಳೇ ಅವನಿಗೆ ತಿಳಿಸಬೇಕು.

ಆ ಮನೆತನಕ್ಕೆ ಊರ ಸಿದ್ಧನ ಗುಡಿಯ ಪೂಜೆ ಇತ್ತು. ಪೂಜೆ ಗಂಡಸರದು, ಭಂಡಾರ ಮಾಡುವ ಕೆಲಸ ಶೇವಂತೆವ್ವನದು. ಅರಿಷಿಣದ ಕೊಂಬು ಕುಟ್ಟಬೇಕು, ಬೀಸಬೇಕು, ತೆಳು ಅರಿವೆಯಲ್ಲಿ ಸೋಸಬೇಕು. ಹೀಗಾಗಿ ಅವಳ ಅಂಗೈ, ಉಗುರು, ಸೆರಗು, ಕಿವಿಯ ಹಿಂದಿನ ಮಡಿಕೆ, ಎಲ್ಲ ವರ್ಷಪೂರ್ತಿ ಹಳದಿ. ಹಣೆಗಿಷ್ಟು ಭಂಡಾರ ಹಚ್ಚಿ, ಬಾಯಿಗೊಂದು ಚಿಟಿಕೆ ಹಾಕಿಕೊಳ್ಳದೆ ಆ ಮನೆಯವರು ಯಾವ ಕೆಲಸಕ್ಕೂ ಹೊಸ್ತಿಲು ದಾಟುತ್ತಿರಲಿಲ್ಲ. ಹಾಗೆ ಬಾಯಿಗೆ ಹಾಕಿಕೊಂಡ ಮೇಲೆ ಸುಳ್ಳು ಆಡುವಂತಿರಲಿಲ್ಲ.

ಆ ಹಳದಿಯೇ ಅವಳಿಗೆ ಮುಳುವಾಯಿತು.

ಎಪ್ಪತ್ತೊಂಬತ್ತನೆಯ ಇಸವಿ, ಬಿಳಿಜೋಳ ತೆನೆಯಲ್ಲಿ ಹಾಲುಗಾಳು ಕಟ್ಟುವ ಹೊತ್ತು. ಶೇವಂತೆವ್ವನಿಗೆ ಮೈ ತುರಿಸಲು ಸುರುವಾಯಿತು. ಮೊದಲು ಅಂಗಾಲು, ಅಂಗೈ, ಆಮೇಲೆ ಇಡೀ ಮೈ. ಗುಳ್ಳೆಯಿಲ್ಲ, ಗಂಧೆಯಿಲ್ಲ, ಬರೀ ತುರಿಕೆ. ಬೇವಿನ ಎಲೆ ಕುದಿಸಿ ಮೈ ತೊಳೆದಳು. ಗೋಡೆಯ ಮೂಲೆಗೆ ಎಮ್ಮೆಯ ಹಾಗೆ ಬೆನ್ನು ಉಜ್ಜಿದಳು. ಮೊದಲೇ ನಿದ್ದೆ ಕಡಿಮೆ, ಈಗ ಅದೂ ಹೋಯಿತು. ಮೈ ಹಳದಿಯಾಗುತ್ತಿದೆ ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ. ಶೇವಂತೆವ್ವ ಹಳದಿ ಇರದೆ ಮತ್ತೆ ಹೇಗಿರಬೇಕು?

ಹೊಳೆದದ್ದು ಬಳೆಗಾರ ಚಮನಸಾಬನಿಗೆ. ಅವನು ದೇವರ ಹಿಪ್ಪರಗಿಯ ಸಂತೆ ಮುಗಿಸಿ ಊರೂರು ತಿರುಗುವವನು.

“ಅಕ್ಕಾ, ಕೈ ತೊಳಕೊಂಡ ಬಾ.”

“ತೊಳದೇನಲ್ಲೋ.”

“ಸಬಕಾರ ಹಚ್ಚಿ ತೊಳಿ. ಬಳಿ ಜಾರಬೇಕಲ್ಲ.”

ತಾನೇ ಸಾಬೂನು ಹಚ್ಚಿ ಅವಳ ಕೈ ಉಜ್ಜಿದ. ಮೊದಲು ಹಳದಿ ನೀರು ಇಳಿಯಿತು, ಆಮೇಲೆ ಬಿಳಿ ನೊರೆ ಬಂತು. ಚರ್ಮ ಮಾತ್ರ ಹಳದಿಯಾಗಿಯೇ ಉಳಿಯಿತು. ಚಮನಸಾಬ ಬಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವಳ ಮುಖ ನೋಡಿದ.

“ಬಿಸಲಿಗೆ ಮಾರಿ ಮಾಡು. ಕಣ್ಣ ತೆರಿ.”

“ಯಾಕೋ, ಕಣ್ಣಿಗೂ ಬಳಿ ಇಡಾಂವೇನು?”

“ಚ್ಯಾಷ್ಟಿ ಬ್ಯಾಡಕ್ಕಾ. ಇದು ಭಂಡಾರ ಅಲ್ಲ. ಭಂಡಾರ ಕಣ್ಣಿನ ಬಿಳಿಗೆ ಹತ್ತೂದಿಲ್ಲ. ನಮ್ಮ ಅಣ್ಣಗ ಹಿಂಗ ಆಗಿತ್ತು. ದವಾಖಾನಿಗೆ ಹೋಗು. ಬಳಿ ಮುಂದಿನ ಸಲ ಬಂದಾಗ ಇಡ್ತೇನಿ.”

ದವಾಖಾನೆಗೆ ಯಾರು ಹೋಗುತ್ತಾರೆ? ಕಾಮಣಿ ರೋಗ ಅಂದರೆ ಊರಿಗೊಂದು ಮದ್ದು. ಸಿಂದಗಿ ಕಡೆಯ ಮುದುಕನೊಬ್ಬ ಮೂಗಿಗೆ ಸೊಪ್ಪಿನ ರಸ ಹಿಂಡಿದ. ಮುದ್ದೇಬಿಹಾಳದಿಂದ ಯಾರೋ ಬೇರು ತಂದುಕೊಟ್ಟರು. ಬಸವನ ಬಾಗೇವಾಡಿಯ ಬೀಗರು ಕೊರಳಿಗೆ ಹಾಕಿಕೊಳ್ಳುವ ಕಡ್ಡಿಯ ಸರ ಕಳಿಸಿದರು. ಶೇವಂತೆವ್ವ ಎಲ್ಲವನ್ನೂ ಮಾಡಿದಳು, ಒಂದು ಮುಗಿಯುವುದರೊಳಗೆ ಇನ್ನೊಂದನ್ನು. ಮೂತ್ರ ಹುರುಳಿಯ ಕಟ್ಟಿನ ಬಣ್ಣಕ್ಕೆ ಬಂತು, ಮಲ ಬೂದಿ ಕಲಸಿದ ಮಣ್ಣಿನ ಹಾಗೆ ಬೆಳ್ಳಗಾಯಿತು. ಒಂದು ಮಧ್ಯಾಹ್ನ ಚಳಿ ಹೊಕ್ಕಿತು ನೋಡಿ, ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ ನಿಲ್ಲಲಿಲ್ಲ. ಆಗ ಸಿದ್ದರಾಯ ಗಾಡಿ ಹೂಡಿದ.

ಬಿಜಾಪುರದ ಡಾಕ್ಟರು ಅವಳ ಹೊಟ್ಟೆಯ ಮೇಲಿದ್ದ ಹಳೆಯ ಹೊಲಿಗೆಯ ಗುರುತು ನೋಡಿದರು. ಅದು ಸೊಲ್ಲಾಪುರದ್ದು. ಹರಳು ತುಂಬಿದ್ದ ಪಿತ್ತಕೋಶವನ್ನು ಅಲ್ಲಿ ತೆಗೆದು ಹಾಕಿದ್ದರು. ಆ ಸಲ ಅವಳು ಬದುಕಿ ಬಂದದ್ದೇ ಹೆಚ್ಚು. ಗಾಯ ಕೀವು ತುಂಬಿ, ಜೋಳದ ರಾಶಿ ಮುಗಿಯುವವರೆಗೂ ಹಾಸಿಗೆ ಬಿಟ್ಟಿರಲಿಲ್ಲ. ಈಗ ಪಿತ್ತದ ನಳಿಗೆಯಲ್ಲಿ ಹರಳೊಂದು ಉಳಿದಿರಬೇಕು ಅಂದರು ಡಾಕ್ಟರು. ಇಷ್ಟು ಕಾಮಣಿಯಲ್ಲಿ ಮತ್ತೆ ಹೊಟ್ಟೆ ಕೊಯ್ಯುವುದು ಜೀವಕ್ಕೇ ಅಪಾಯ. ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಾಯಿಯಿಂದ ದುರ್ಬೀನು ಬಿಟ್ಟು ಆ ನಳಿಗೆಯನ್ನು ನೋಡುವ ಹೊಸ ಪದ್ಧತಿ ಬಂದಿದೆ, ಆಗುವಂತಿದ್ದರೆ ಹರಳನ್ನೂ ಅಲ್ಲಿಂದಲೇ ಬೀಳಿಸುತ್ತಾರೆ, ಆಗದಿದ್ದರೆ ಚಾಕುವೇ ಗತಿ ಅಂತ ಬಿಡಿಸಿ ಹೇಳಿದರು. ಶೇವಂತೆವ್ವನ ಕಿವಿಯಲ್ಲಿ ಕೊನೆಯ ಮಾತೊಂದೇ ಕೂತುಕೊಂಡಿತು.

ಇಂಡಿಯಲ್ಲಿ ರೈಲು ಹತ್ತಿದಾಗಿನಿಂದ ಅವಳು ಕೂತಲ್ಲಿ ಕೂಡಲಿಲ್ಲ. ಕಿಟಕಿಯ ಸರಳಿಗೆ ಅಂಗೈ ಉಜ್ಜಿದಳು, ಬಾಗಿಲಿಗೆ ಹೋದಳು, ಬಂದಳು.

“ಎಷ್ಟ ತಿರಗತಿ ಯವ್ವಾ? ಹಿಂಗ ನಡಕೋತನ ಮುಂಬೈ ಮುಟ್ಟತಿ ನೀ,” ಅಂದಳು ಎದುರಿಗೆ ಕೂತ ಮುದುಕಿ.

“ರೈಲು ಸಾವಕಾಶ ಹೊಂಟೈತವ್ವಾ. ನಾ ಏನ್ ಮಾಡ್ಲಿ?”

ಮುಂಬಯಿಯಲ್ಲಿ ಅವಳ ತಮ್ಮ ಪರಸಪ್ಪ ಗಿರಣಿಯ ಕೆಲಸಕ್ಕಿದ್ದ. ಮರಾಠಿ ಬಲ್ಲವನು. ಅವನೇ ಓಡಾಡಿ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ. ವಾರ್ಡಿನಲ್ಲಿ ಶೇವಂತೆವ್ವ ಕಬ್ಬಿಣದ ಮಂಚದ ಕಾಲಿಗೆ ಬೆನ್ನು ತಿಕ್ಕುತ್ತ “ಯವ್ವಾ, ಸತ್ತೆ” ಅಂದದ್ದನ್ನು ಆ ಕಡೆ ಹೋಗುತ್ತಿದ್ದ ನರ್ಸೊಬ್ಬಳು ಕೇಳಿ ನಿಂತಳು.

“ಯಾವೂರವ್ವಾ ನಿಂದು?”

ಮುಂಬಯಿಯಲ್ಲಿ ತನ್ನ ಮಾತು ಕೇಳಿ ಶೇವಂತೆವ್ವನ ಕೈ ತುರಿಸುವುದನ್ನು ಬಿಟ್ಟಿತು. “ತಾಂಬಾ ರೀ ಬಾಯಾರ. ಇಂಡಿ ತಾಲೂಕು.”

“ನಂದು ಲಚ್ಯಾಣ. ಇಂದ್ರಾಬಾಯಿ ಅಂತಾರ.”

“ಲಚ್ಯಾಣದಾಗ ಯಾರ ಪೈಕಿ ಆತ್ರಿ?” ಸಿದ್ದರಾಯ ನಡುವೆ ಬಾಯಿ ಹಾಕಿದ.

ಇಂದ್ರಾಬಾಯಿ ಅವನ ಕಡೆ ತಿರುಗಿದಳು. “ಊರ ಹೊರಗಿನ ಕೇರಿ. ಈಗ ಬೌದ್ಧರು. ಇನ್ನೇನರ ಕೇಳೂದೈತೇನಣ್ಣಾ?”

“ಇಲ್ಲ ಬಿಡ್ರಿ,” ಅಂದ ಸಿದ್ದರಾಯ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ.

“ಹಂಗಾರ ಇಬ್ಬರೂ ಕೇಳ್ರಿ. ಕುರಿ ಕೊಯ್ದಾಗ ಕಲೀಜಕ್ಕ ಒಂದು ಹಸರ ಚೀಲ ಅಂಟಿರತೈತಿ, ನೋಡಿಯಿಲ್ಲೋ?”

“ನೋಡೂದೇನ್ರಿ, ನಾನ ಬಿಡಸ್ತೇನಿ. ಒಡದರ ಖಂಡ ಎಲ್ಲಾ ಕಹಿ,” ಅಂದಳು ಶೇವಂತೆವ್ವ.

“ಅದ ಪಿತ್ತದ ಚೀಲ. ನಿಂದು ಸೊಲ್ಲಾಪುರದಾಗ ತಗದಾರ. ಆದರ ಕಲೀಜದಿಂದ ಕರಳಿಗೆ ಪಿತ್ತ ಇಳಿಯೂ ನಳಿಗಿ ಹಂಗ ಐತಿ. ಅದರಾಗ ಹರಳ ಕೂತೈತಿ ಅಂತ ಸಾಹೇಬ್ರ ಅನುಮಾನ. ಪಿತ್ತಕ್ಕ ಮುಂದ ದಾರಿ ಇಲ್ಲ, ಹಿಂದಕ್ಕ ಬಂದು ರಕ್ತ ಸೇರೇತಿ. ಅದಕ್ಕ ಈ ಹಳದಿ, ಅದಕ್ಕ ತುರಿಕಿ. ಚಳಿಜ್ವರ ಬಂತಂದ್ರ ಒಳಗ ಕೀವು ಆಗಾಕತ್ತೈತಿ ಅಂತ ತಿಳೀಬೇಕು. ಬಾಳ ದಿನ ಬಿಡೂ ಹಂಗಿಲ್ಲ.”

“ಆ ದುರ್ಬೀನ ಎಷ್ಟ ದಪ್ಪ ಇರತೈತ್ರಿ?”

“ಕಿರಿಬೆರಳಿನಷ್ಟು.”

“ಅದನ್ನ ನುಂಗಬೇಕು?”

“ನುಂಗಬೇಕು. ಮೊದಲ ಗಂಟಲಕ್ಕ ಜೋಮು ಹಿಡಿಯೂ ಔಷಧ ಹೊಡೀತಾರ, ಕಹಿ ಇರತೈತಿ. ಕೈಗೆ ಮಂಪರು ಬರೂ ಸೂಜಿ ಮಾಡ್ತಾರ. ಹಲ್ಲ ಕಚ್ಚಬಾರದಂತ ಬಾಯಾಗ ಬಳಿಯಂಥಾದ್ದೊಂದು ಇಡ್ತಾರ. ಉಸರ ಆಡ್ಲಿಕ್ಕಿ ಏನೂ ತ್ರಾಸಿಲ್ಲ, ಮೂಗಿನಿಂದ ಆಡಬೇಕು. ಜೊಲ್ಲ ಸುರದರ ಸುರೀಲಿ, ನಾಚಬ್ಯಾಡ, ನುಂಗಾಕ ಹೋಗಬ್ಯಾಡ. ನಳಿಗಿಯ ಬಾಯಿ ಸಿಕ್ಕ ಮ್ಯಾಲೆ ಒಂದು ಎಳೀಯಷ್ಟ ಸಣ್ಣ ಕೊಳವಿಯಿಂದ ಔಷಧ ಬಿಟ್ಟು ಎಕ್ಸರೇ ತಗೀತಾರ. ಹರಳ ಕಂಡರ ನಳಿಗಿಯ ಬಾಯಿನ ಚೂರ ಕೊಯ್ದು ಅಗಲ ಮಾಡ್ತಾರ. ಹೊಟ್ಟಿ ಕೊಯ್ಯೂದಿಲ್ಲ.”

“ಖರೇನ ಕೊಯ್ಯೂದಿಲ್ಲೇನ್ರಿ?”

“ಸುಳ್ಳ ಹೇಳಿ ಧೈರ್ಯ ಕೊಡೂದಿಲ್ಲಕ್ಕಾ ನಾ. ಎಲ್ಲಾರಿಗೂ ದಾರಿ ಸಿಗೂದಿಲ್ಲ. ಸಿಗಲಿಲ್ಲಂದ್ರ ಆಪರೇಶನ್ನ ಮಾಡಬೇಕಾಗತೈತಿ. ಸಿಕ್ಕರೂ ಕೆಲವರಿಗೆ ಆಮ್ಯಾಲೆ ಹೊಟ್ಟಿನೋವು ಬರತೈತಿ, ಕೆಲವರಿಗೆ ರಕ್ತ ಹೋಗತೈತಿ. ಬಂದ ಕೂಡ್ಲೆ ಹೇಳಿದರ ಆತು. ಮುಚ್ಚಿಟ್ಟರ ಕೆಟ್ಟಿ.”

ಆಮೇಲೆ ಇಂದ್ರಾಬಾಯಿ ಕೇಳಿದ್ದೇ ಕೇಳಿದ್ದು. ಯಾವುದಾದರೂ ಔಷಧಿ ಮೈಗೆ ಆಗಿಬರುವುದಿಲ್ಲವೋ? ಹಲ್ಲು ಸ್ವಂತದವೋ, ಕಟ್ಟಿಸಿದವೋ? ಹೊಟ್ಟೆಯಲ್ಲಿ ಕೂಸು ಇಲ್ಲವಷ್ಟೆ? ಕೊನೆಯ ಪ್ರಶ್ನೆಗೆ ಶೇವಂತೆವ್ವ ಗಂಡನ ಕಡೆ ನೋಡಿ, “ಇವರು ಕುರಿ ಬಿಟ್ಟು ಮನಿಗೆ ಬಂದರ ಅಲ್ಲೇನ್ರಿ,” ಅಂದಳು. ಸಿದ್ದರಾಯ ವರಾಂಡಕ್ಕೆ ಎದ್ದು ಹೋದ. ಕಾಮಣಿಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ ಅಂತ ಅದಕ್ಕೂ ಸೂಜಿ ಮಾಡಿದರು. ದುರ್ಬೀನು ಮಂಗಳವಾರ, ಶುಕ್ರವಾರ ಮಾತ್ರ. ಅವಳ ಪಾಳಿ ಮಂಗಳವಾರ. ಸೋಮವಾರ ಸಂಜೆಯ ಊಟವಾದ ಮೇಲೆ ಬಾಯಿಗೆ ಏನೂ ಹಾಕಬಾರದು ಅಂತ ಇಂದ್ರಾಬಾಯಿ ತಾಕೀತು ಮಾಡಿ ಹೋದಳು.

ಮಂಗಳವಾರ ಬೆಳಿಗ್ಗೆ ಸಿದ್ದರಾಯ, ಪರಸಪ್ಪ ಬಂದರು. ಸಿದ್ದರಾಯನ ಧೋತರದ ತುದಿಗೆ ಊರಿಂದ ತಂದ ಭಂಡಾರದ ಗಂಟಿತ್ತು. ಅವಳೇ ಬೀಸಿದ್ದು. ಹಣೆಗೆ ಬಳಿದ, “ಆ ಅನ್ನು” ಅಂದ. ಇಂಥ ದೊಡ್ಡ ಕೆಲಸಕ್ಕೆ ಚಿಟಿಕೆ ಸಾಲದೆಂದು ಹಿಡಿಯಷ್ಟನ್ನೇ ಬಾಯಿಗೆ ಸುರಿದ. ಒಣ ಪುಡಿ ಗಂಟಲಿಗೆ ಹತ್ತಿ ಅವಳು ಕೆಮ್ಮಿದಳು. ಪರಸಪ್ಪ ತಂಬಿಗೆ ಎತ್ತಿಕೊಟ್ಟ. ಗಟಗಟ ಕುಡಿದಳು.

ಸ್ವಲ್ಪ ಹೊತ್ತಿಗೆ ಇಂದ್ರಾಬಾಯಿ ಬಂದು ಕೇಳಿದಳು, “ಏನೂ ತಿಂದಿಲ್ಲಲ್ಲಕ್ಕಾ? ಕುಡದಿಲ್ಲಲ್ಲ?”

“ಇಲ್ರಿ.”

ಅದು ಸುಳ್ಳಲ್ಲ. ಭಂಡಾರ ಊಟವೆಂದು ಆ ಮೂವರಲ್ಲಿ ಒಬ್ಬರಿಗೂ ಅನಿಸಿರಲಿಲ್ಲ. ಭಂಡಾರದ ಹಿಂದೆ ಹೋದ ನೀರೂ ಭಂಡಾರದ ಲೆಕ್ಕಕ್ಕೇ. ಕೊರಳು, ಕಿವಿ, ಕೈ ಬೋಳು ಮಾಡಿಸಿ, ಆಸ್ಪತ್ರೆಯ ಅಂಗಿ ತೊಡಿಸಿ ಅವಳನ್ನು ಕೋಣೆಗೆ ಕರೆದುಕೊಂಡು ಹೋದರು. ಕರಿ ಹಾವಿನಂಥದ್ದು ಗೂಟಕ್ಕೆ ಜೋತಾಡುತ್ತಿತ್ತು. ಡಾಕ್ಟರು ಬ್ಯಾಟರಿ ಹಿಡಿದು ಬಾಯಿ ತೆರೆ ಅಂದರು. ತೆರೆದಳು. ಅವರು ಬಗ್ಗಿದವರು ಹಾಗೇ ನಿಂತರು. ಮರಾಠಿಯಲ್ಲಿ ಏನೋ ಕೇಳಿದರು.

“ನಾಲಿಗಿ ಯಾಕ ಹಿಂಗೈತಿ ಅಂತ ಕೇಳ್ತಾರ,” ಅಂದಳು ಇಂದ್ರಾಬಾಯಿ. ಅವಳ ದನಿ ಬದಲಾಗಿತ್ತು.

ಶೇವಂತೆವ್ವನಿಗೆ ಆಗ ತಿಳಿಯಿತು. ಕಾಮಣಿಗೆ ಹಾಗಾಗಿದೆ ಅಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು. ಮೈಯೆಲ್ಲ ಹಳದಿ ಇದ್ದವಳ ನಾಲಿಗೆ ಹಳದಿ ಅಂದರೆ ಯಾರು ಬೇಡ ಅನ್ನುತ್ತಿದ್ದರು? ಶುಕ್ರವಾರದವರೆಗೆ ಈ ತುರಿಕೆಯನ್ನು ತಡೆಯುವುದಾದರೂ ಹೇಗೆ? ಆದರೆ ಭಂಡಾರ ಬಾಯಲ್ಲಿತ್ತು.

“ಭಂಡಾರ ರೀ,” ಅಂದಳು. “ನೀರೂ ಕುಡದೇನ್ರಿ.”

ಡಾಕ್ಟರು ಬ್ಯಾಟರಿ ಆರಿಸಿದರು. ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. “ಶುಕ್ರವಾರ,” ಅಂದು ಕೈ ತೊಳೆಯಲು ಹೋದರು.

ಹೊರಗೆ ಇಂದ್ರಾಬಾಯಿ ಗಂಡಸರಿಬ್ಬರನ್ನೂ ಗೋಡೆಗೆ ನಿಲ್ಲಿಸಿದಳು. “ಏನ್ ಹೇಳಿದ್ನಿ ನಿಮಗ? ಗಂಟಲ ಜೋಮು ಹಿಡದಾಗ ಹೊಟ್ಟಿಯಾಗಿನ ನೀರು ಮ್ಯಾಲ ಬಂದು ಉಸರಿನ ದಾರಿ ಹೊಕ್ಕರ ಈಕಿ ಅಲ್ಲೇ ಸಾಯ್ತಿದ್ದಳು. ದೇವರ ಹೆಸರೀಲೆ ಕೊಂದ ಬಿಡ್ತಿದ್ರಿ.”

ಸಿದ್ದರಾಯನ ಮುಖ ಸಣ್ಣದಾಯಿತು. ಸಣ್ಣದಾದ ಮುಖ ಮಧ್ಯಾಹ್ನದ ಹೊತ್ತಿಗೆ ಸಿಟ್ಟಾಯಿತು.

“ದೇವರ ತಡದಾನ. ಬ್ಯಾಡ ಅಂತಾನ ಆಂವ. ಊರಿಗೆ ನಡಿ.”

“ಮಾವಾ, ತಡದದ್ದು ದೇವರಲ್ಲ, ನೀ. ಹಿಡಿಗಟ್ಟಲೆ ಯಾಂವ ಹಾಕಂದಿದ್ದ?” ಅಂದ ಪರಸಪ್ಪ.

“ನೀರ ಕೊಟ್ಟಾಂವ ಯಾಂವಲೇ?”

“ಇಬ್ಬರೂ ಹೊರಗ ಹೋಗಿ ಜಗಳಾಡ್ರಿ,” ಅಂದಳು ಶೇವಂತೆವ್ವ. “ನನಗ ತುರಸಾಕ ಜಾಗಾ ಬೇಕು.”

ಆ ದಿನಗಳು ಹೇಗೆ ಹೋದವು ಅನ್ನುವುದು ಅವಳಿಗೇ ಗೊತ್ತು. ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದಳು. ಉಗುರು ತಾಗಿ ಚರ್ಮ ಕಿತ್ತುಬಂದಲ್ಲಿ ಇಂದ್ರಾಬಾಯಿ ಒದ್ದೆ ಅರಿವೆ ಹಾಕಿದಳು. ಗುರುವಾರ ಮತ್ತೆ ಚಳಿ ಬಂತು, ಮಂಚ ಅಲುಗಾಡುವಷ್ಟು. ಸಲಾಯಿನ್ ಏರಿಸಿದರು. ಡಾಕ್ಟರು ಬಂದು ನೋಡಿ ಇಂದ್ರಾಬಾಯಿಗೆ ಏನೋ ಹೇಳಿ ಹೋದರು.

“ಏನಂದ್ರ ರೀ?”

“ನಾಳೆ ಆಗಲಿಲ್ಲಂದ್ರ ಆಪರೇಶನ್ನಿಗೆ ಒಯ್ಯೂದ ಅಂತ. ಇನ್ನ ಕಾಯಾಕ ಬರೂದಿಲ್ಲ.”

ಶುಕ್ರವಾರ ಬೆಳಗಾಯಿತು. ಸಿದ್ದರಾಯ ಬಂದ. ಧೋತರದ ಗಂಟು ಬಿಚ್ಚಿದ. ಹಣೆಗೆ ಹಚ್ಚಿ, ಬಾಯಿಯ ಹತ್ತಿರ ಚಿಟಿಕೆ ತಂದ. “ಅದೊಂದೀಟ. ನೀರ ಬ್ಯಾಡ. ನಾಲಿಗಿ ತುದಿಗೆ.”

ಶೇವಂತೆವ್ವ ತುಟಿ ಬಿಗಿದಳು.

“ಬಾಯಿಗೆ ಹಾಕ್ಕೊಳ್ಳದ ಹೆಂಗ ಹೋಗತಿ? ಇಲ್ಲೀತನಕ ಹೋಗಿಯೇನು?”

“ಹಣಿಗೆ ಹಚ್ಚೀಯಲ್ಲ, ಸಾಕು. ಬಾಯಿ ಇವತ್ತ ಡಾಕ್ಟರದು.”

“ದೇವರು—”

“ಬೀಸಾಕಿ ನಾನು. ಎಲ್ಲಿ ಹಚ್ಚಿದರ ಅವಗ ಮುಟ್ಟತೈತಿ ಅನ್ನೂದು ನನಗ ಗೊತ್ತಿಲ್ಲೇನು?” ಅಂದಳು. ಆಮೇಲೆ ದನಿ ಇಳಿಸಿ, “ನನಗೂ ಅಂಜಿಕಿ ಐತಿ. ನೀ ಇನ್ನ ಹೆಚ್ಚ ಮಾಡಬ್ಯಾಡ,” ಅಂದಳು.

ಸಿದ್ದರಾಯ ಆ ಚಿಟಿಕೆಯನ್ನು ತನ್ನ ಬಾಯಿಗೆ ಹಾಕಿಕೊಂಡ.

ಇಂದ್ರಾಬಾಯಿ ಬಂದು ಕೇಳುವ ಮೊದಲೇ ಶೇವಂತೆವ್ವ ನಾಲಿಗೆ ಚಾಚಿ ತೋರಿಸಿದಳು. “ಉಗುಳ ನುಂಗಿದರ ನಡೀತೈತೇನ್ರಿ?”

“ನಡೀತೈತಿ ಬಾರಕ್ಕಾ.”

ಗಂಟಲಿಗೆ ಹೊಡೆದ ಔಷಧಿ ಬೇವಿಗಿಂತ ಕಹಿ. ಸ್ವಲ್ಪ ಹೊತ್ತಿನಲ್ಲಿ ನಾಲಿಗೆ ತನ್ನದಲ್ಲದ ಹಾಗೆ ದಪ್ಪವಾಯಿತು. ಎಡಮಗ್ಗುಲು ಮಲಗಿಸಿದರು, ಹಲ್ಲಿನ ನಡುವೆ ಬಳೆಯಂಥದ್ದನ್ನು ಇಟ್ಟರು, ಕೈಗೆ ಸೂಜಿ ಚುಚ್ಚಿದರು. ನುಂಗು ಅಂದರು. ಹುಟ್ಟಿದಾಗಿನಿಂದ ಸುಮ್ಮನಿರದ ಕೈ ದುರ್ಬೀನಿನ ಕಡೆ ಎದ್ದಿತು. ಕಿತ್ತು ಒಗೆಯಬೇಕು ಅನ್ನಿಸಿತು. ಇಂದ್ರಾಬಾಯಿ ಆ ಕೈ ಹಿಡಿದುಕೊಂಡಳು. “ಮೂಗಿನಿಂದ. ಹಾಂ, ಹಂಗ. ಜೊಲ್ಲ ಬಿಡು. ತೇಗು ಬಂದರ ಬರ್ಲಿ, ಗಾಳಿ ಬಿಟ್ಟಾರ.” ಹೊಟ್ಟೆ ಉಬ್ಬಿತು, ಎಮ್ಮೆ ಹಸಿಜೋಳ ತಿಂದ ಹಾಗೆ. ಬೋರಲು ಹೊರಳಿಸಿದರು. ಮಂಪರಿನ ನಡುವೆ ಡಾಕ್ಟರ ದನಿ ಏರಿತು, ಇಳಿಯಿತು, ಬಹಳ ಹೊತ್ತು ಸುಮ್ಮನಾಯಿತು. ಆ ಸುಮ್ಮನೆ ಇದ್ದದ್ದೇ ಅವಳಿಗೆ ಎಲ್ಲಕ್ಕಿಂತ ತ್ರಾಸು ಕೊಟ್ಟಿತು. ದಾರಿ ಸಿಗಲಿಲ್ಲ ಅಂತ ಅಂದುಕೊಂಡಳು.

ಕಣ್ಣು ತೆರೆದಾಗ ವಾರ್ಡಿನಲ್ಲಿದ್ದಳು. ಮಂಚದ ಪಕ್ಕದಲ್ಲಿ ಸಿದ್ದರಾಯ ಇಂದ್ರಾಬಾಯಿಯ ಜೊತೆ ವಾದ ಮಾಡುತ್ತಿದ್ದ.

“ತಗದೀವಂತೀರಿ. ಹರಳ ಎಲ್ಲೈತಿ ತೋರಸ್ರಿ.”

“ಕರಳಿಗೆ ಬಿದ್ದೈತಿ. ತಾನ ಹೊರಗ ಹೋಗತೈತಿ.”

“ಅಂದ್ರ ನಾವು ಮುಂಬೈತನಕ ಬಂದು ನೋಡೂದು ಏನೂ ಇಲ್ಲ?”

“ಬೇಕಾದ್ರ ನೀನ ಹುಡಿಕ್ಯಾಡಣ್ಣಾ, ನಾ ಒಲ್ಲೆ.”

ಶೇವಂತೆವ್ವ ನೀರು ಕೇಳಿದಳು. ಗಂಟಲ ಜೋಮು ಬಿಡುವವರೆಗೆ ಹನಿಯೂ ಇಲ್ಲ ಅಂದಳು ಇಂದ್ರಾಬಾಯಿ. ಈ ಸಲ ಸಿದ್ದರಾಯನೇ ತಂಬಿಗೆ ಎತ್ತಿ ಮಂಚದ ಆಚೆ ಇಟ್ಟ.

ಸಂಜೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಎದ್ದಿತು. ಮೊದಲು ಚುಚ್ಚಿದ ಹಾಗೆ, ಆಮೇಲೆ ಬೆನ್ನಿಗೆ ಮೊಳೆ ಹೊಡೆದ ಹಾಗೆ. ಶೇವಂತೆವ್ವ ಮಂಚದ ಸರಳು ಹಿಡಿದು ಮಾತಾಡದೆ ಮಲಗಿದಳು. ಹೇಳಿದರೆ ಕೊಯ್ಯಲು ಒಯ್ಯುತ್ತಾರೆ. ಹೇಳದಿದ್ದರೆ? ಮುಚ್ಚಿಟ್ಟರೆ ಕೆಟ್ಟಿ ಅಂದಿದ್ದಳಲ್ಲ. ಗಂಡನ ಧೋತರ ಜಗ್ಗಿದಳು.

“ಬಾಯಾರ್ನ ಕರಿ. ಓಡು.”

ಸಿದ್ದರಾಯ ಓಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಡಾಕ್ಟರು ಬಂದರು, ಹೊಟ್ಟೆ ಒತ್ತಿದರು, ರಕ್ತ ತೆಗೆದುಕೊಂಡು ಹೋದರು. ಪಿತ್ತದ ನಳಿಗೆಯ ಪಕ್ಕದಲ್ಲಿರುವ ಗ್ರಂಥಿಗೆ ಬಾವು ಬಂದಿದೆ, ಕೆಲವರಿಗೆ ಹೀಗಾಗುತ್ತದೆ, ಬೇಗ ಹೇಳಿದ್ದು ಒಳ್ಳೆಯದಾಯಿತು ಅಂದರು. ಕೊಯ್ಯಲಿಲ್ಲ. ಮತ್ತೆ ಉಪವಾಸ, ಮತ್ತೆ ಸಲಾಯಿನ್. ನೋವು ಏರಿ ಏರಿ, ಭಾನುವಾರದ ಹೊತ್ತಿಗೆ ಇಳಿಯಿತು.

ಅದರ ಮರುದಿನ ಅವಳು ಪಾಯಖಾನೆಯಿಂದ ಬಂದು ಇಂದ್ರಾಬಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಇಂದ್ರಾಬಾಯಿ ನಕ್ಕಳು. “ಬಣ್ಣ ಬಂತೇನು? ದಾರಿ ತೆರೀತು ಹಂಗಾರ.”

“ಏನಂತ?” ಅಂದ ಸಿದ್ದರಾಯ.

“ನೀ ನೋಡಬೇಕಂದಿದ್ದೆಲ್ಲ, ಅದು,” ಅಂದಳು ಶೇವಂತೆವ್ವ. “ನೀರ ಸುರವಿ ಬಂದ್ನಿ.”

ಕಣ್ಣಿನ ಹಳದಿ ಹೋಗಲು ಇನ್ನೂ ಹೊತ್ತು ಹಿಡಿಯುತ್ತದೆ, ಚಳಿಜ್ವರ ಬಂದರೆ, ಕರಿ ಮಲ ಹೋದರೆ, ಮತ್ತೆ ಹಳದಿಯಾದರೆ ಬೇರಿನವರ ಹತ್ತಿರ ಹೋಗದೆ ನೆಟ್ಟಗೆ ದವಾಖಾನೆಗೆ ಬರಬೇಕು ಅಂತ ಹೇಳಿ ಕಳಿಸಿದರು. ಪರಸಪ್ಪ ಸ್ಟೇಶನ್ನಿಗೆ ಬಂದು ರೈಲು ಹತ್ತಿಸಿದ.

ಸೊಲ್ಲಾಪುರ ದಾಟಿದ ಮೇಲೆ ಶೇವಂತೆವ್ವ ಕಿಟಕಿಗೆ ತಲೆ ಆನಿಸಿದಳು. ಅಂಗೈ ತೊಡೆಯ ಮೇಲೆ ಬಿದ್ದಿತ್ತು, ಏನನ್ನೂ ಉಜ್ಜುತ್ತಿರಲಿಲ್ಲ. ಕಣ್ಣು ಮುಚ್ಚಿತು. ಲಚ್ಯಾಣ ಬಂದದ್ದು, ಹೋದದ್ದು ತಿಳಿಯಲಿಲ್ಲ. ರೈಲು ನಿಧಾನವಾದಾಗ ಎದುರಿಗೆ ಕೂತವರ ಮಾತು ಬಹಳ ದೂರದಿಂದ ಅಂದಂತೆ ಕೇಳಿಸಿತು.

“ಇಂಡಿ ಬಂತ್ರೀ. ಎಬ್ಬಸ್ರಿ ಇವರನ್ನ.”

ಗಂಡ ಎದ್ದು ಗಂಟು ಹೆಗಲಿಗೆ ಹಾಕಿಕೊಂಡದ್ದು ಅವಳಿಗೆ ಗೊತ್ತಾಯಿತು. ಈಗ ಭುಜ ಅಲುಗಿಸುತ್ತಾನೆ, ಏಳಬೇಕು ಅಂದುಕೊಂಡಳು. ಏಳುವ ಮನಸ್ಸಿರಲಿಲ್ಲ.

“ಅಲ್ರೀ, ಇಲ್ಲೆ ನಿಲ್ಲೂದು ಚೂರ ಹೊತ್ತು. ಇಳೀರಿ ಲಗೂನ.”

ಗಂಟು ಮತ್ತೆ ಕೆಳಗೆ ಕೂತ ಸಪ್ಪಳವಾಯಿತು.

“ಮಲಗ್ಲಿ ಬಿಡ್ರಿ,” ಅಂದ ಸಿದ್ದರಾಯ. “ಮುಂದಿನ ಸ್ಟೇಶನ್ನ ನಿಂಬಾಳದಾಗ ಇಳದು ನಡಕೋತ ಬರ್ತೇವಿ.”